ತೋಟ ತೋರಿಸುತ್ತೇವೆಂದು ಅಂಗಡಿ ತೋರಿಸಿದ್ದರ ಬಗ್ಗೆ ದೂರು

ಕುಷ್ಟಗಿ ತಾಲೂಕು, ಕೊಪ್ಪಳ ಜಿಲ್ಲೆ

ವ್ಯವಸ್ಥಾಪಕರಿಗೆ,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ಕಳೆದ ಅಕ್ಟೋಬರ್ ಕೊನೆಗೆ ನಿಮ್ಮ ಇಟಲಿ ಪ್ರವಾಸಕ್ಕೆ ನಾನು, ನನ್ನ ಹೆಂಡತಿ ಬಂದಿದ್ದೆವು. ರೋಮ್, ಫ್ಲಾರೆನ್ಸ್ ಬಗ್ಗೆ ತಕರಾರಿಲ್ಲ. ತಕರಾರು ಏಳನೇ ದಿನದ್ದು. 'ಕಿಯಾಂಟಿ ಗುಡ್ಡಗಳಲ್ಲಿ ಒಂದು ಕುಟುಂಬದ ದ್ರಾಕ್ಷಿ, ಆಲಿವ್ ತೋಟ, 3 ತಾಸು, ಮನೆಯವರ ಜೊತೆ ಊಟ' ಎಂದು ಬರೆದಿದ್ದಿರಿ. ಇದಕ್ಕಂತಲೇ ತಲೆಗೆ ₹9,500 ಬೇರೆ ಕಟ್ಟಿಸಿಕೊಂಡಿರಿ.

ನಾನು ದ್ರಾಕ್ಷಿ ಬೆಳೆಗಾರ. ನಮ್ಮಲ್ಲಿ ವರ್ಷಕ್ಕೆ ಎರಡು ಚಾಟ್ನಿ (ಬಳ್ಳಿ ಕತ್ತರಿಸುವುದು), ಏಪ್ರಿಲ್‌ನದೊಂದು, ಅಕ್ಟೋಬರ್‌ನದೊಂದು. ಅಲ್ಲಿ ಚಳಿಗೆ ಬಳ್ಳಿ ಮಲಗುತ್ತದೆ, ಕತ್ತರಿ ಒಂದೇ ಸಲ. ಸಾಂಜೊವೇಸೆ ಎಂಬ ಅಲ್ಲಿನ ದ್ರಾಕ್ಷಿ ತಳಿಯ ಬಳ್ಳಿಯನ್ನು ಆ ಕಲ್ಲುನೆಲದಲ್ಲಿ ಹೇಗೆ ಹಬ್ಬಿಸುತ್ತಾರೋ ಮುಟ್ಟಿ ನೋಡಬೇಕೆಂದೇ ನಮ್ಮ ಚಾಟ್ನಿ ಕೆಲಸ ತಮ್ಮನ ಮೇಲೆ ಹೊರಿಸಿ ಬಂದವನು. ಹೆಂಡತಿಗೆ ವೈನ್ ಬೇಕಿರಲಿಲ್ಲ. ಅವಳ ತವರಲ್ಲಿ ಕುಸುಬೆ ಎಣ್ಣೆಯ ಎತ್ತಿನ ಗಾಣವಿತ್ತು. ಕಾಳಿನಿಂದಲ್ಲ, ಹಣ್ಣಿನಿಂದ ಎಣ್ಣೆ ಹೇಗೆ ಇಳಿಯುತ್ತದೆ ಎಂಬುದೇ ಅವಳ ಕುತೂಹಲ. ಅದೂ ಆಲಿವ್ ಕೀಳುವ ಸುಗ್ಗಿ. ಕಿತ್ತ ಹಣ್ಣನ್ನು ಬೇಗ ಅರೆಯದಿದ್ದರೆ ಎಣ್ಣೆಯ ಆಮ್ಲ ಏರುತ್ತದಂತೆ.

ನೀವು ಇಳಿಸಿದ್ದು ಹೆದ್ದಾರಿ ಪಕ್ಕದ ಗೋದಾಮಿನಂಥ ಕಟ್ಟಡಕ್ಕೆ. ಬಾಗಿಲಲ್ಲಿ ಎರಡು ಆಲಿವ್ ಗಿಡ, ಕುಂಡದಲ್ಲಿ. ಒಂದರ ಟೊಂಗೆಗೆ ಬೆಲೆಚೀಟಿ ಇನ್ನೂ ತೂಗಾಡುತ್ತಿತ್ತು. ಹೆಂಡತಿ ಎಲೆ ಸವರಿ, "ಇದ ಏನ್ರೀ ತ್ವಾಟ?" ಅಂದಳು. ಒಳಗೆ ಒಬ್ಬ ಹುಡುಗ ಮೂರು ಗ್ಲಾಸಿಗೆ ಎರಡೆರಡು ಗುಟುಕು ವೈನ್ ಸುರಿದ, ಬ್ರೆಡ್ಡಿಗೆ ಎಣ್ಣೆ ಸವರಿಕೊಟ್ಟ. ಅಲ್ಲಿಂದ ನೇರ ಬಿಲ್ಲಿಂಗ್ ಕೌಂಟರ್. ಮನೆಯವರೆಲ್ಲಿ ಎಂದು ಗೈಡ್ ಕಡೆಯಿಂದ ಕೇಳಿಸಿದರೆ, ತಾನು ಸಂಬಳಕ್ಕಿರುವವನು ಎಂದು ಆ ಹುಡುಗ ನಕ್ಕ. ಅವನದೇನೂ ತಪ್ಪಿಲ್ಲ. ಅರ್ಧ ತಾಸಿಗೆ ಬಸ್ಸಿನ ಹಾರ್ನ್. ಊಟವೆಂದರೆ ಆ ಬ್ರೆಡ್ಡೇ.

ವಾಪಸ್ ಬರುವಾಗ ಗುಡ್ಡದ ಮೇಲೆ ನೆಲಕ್ಕೆ ಬಲೆ ಹಾಸಿ ಆಲಿವ್ ಉದುರಿಸುತ್ತಿದ್ದ ನಾಲ್ಕು ಜನ ಕಿಟಕಿಯಿಂದ ಕಂಡರು. ಐದು ನಿಮಿಷ ನಿಲ್ಲಿಸಿ ಎಂದು ಬೇಡಿಕೊಂಡೆ. ವೇಳಾಪಟ್ಟಿಯಲ್ಲಿಲ್ಲ ಎಂದರು ನಿಮ್ಮ ಟೂರ್ ಮ್ಯಾನೇಜರ್!

ಎರಡು ಇಮೇಲ್ ಬರೆದ ಮೇಲೆ, 'ಕಾರ್ಯಕ್ರಮ ಬದಲಾಯಿಸುವ ಹಕ್ಕು ಸಂಸ್ಥೆಗಿದೆ' ಎಂಬ ಒಂದು ಸಾಲು ಬಂತು. ಒಂದು ತೋಟದ ಬದಲು ಇನ್ನೊಂದು ತೋಟ ತೋರಿಸಿದ್ದರೆ ಅದನ್ನು ಬದಲಾವಣೆ ಅನ್ನಬಹುದಿತ್ತು.

ಇಬ್ಬರ ₹19,000 ಅನ್ನು 15 ದಿನದೊಳಗೆ ಹಿಂತಿರುಗಿಸಿ. ಇಲ್ಲವಾದರೆ ಗ್ರಾಹಕರ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ನಾನಿರುವ ಜಿಲ್ಲೆಯಲ್ಲೇ ದಾವೆ ಹೂಡಬಹುದು. ಕೊಪ್ಪಳಕ್ಕೆ ನೀವೇ ಬರಬೇಕಾಗುತ್ತದೆ.

ರಸೀದಿ, ನಿಮ್ಮದೇ ವೇಳಾಪಟ್ಟಿ, ಬೆಲೆಚೀಟಿ ಕಾಣುವಂತೆ ತೆಗೆದ ಕುಂಡದ ಫೋಟೊ ಲಗತ್ತಿಸಿದ್ದೇನೆ.

ಇತಿ,
ನಿಮ್ಮ ಗ್ರಾಹಕ