ಹವಾಮಾನದ ಮಾತಿಗೆ ಹಣ ಕೊಟ್ಟವರು ಯಾರು? ಸೆಬಿ ಅಧ್ಯಕ್ಷರಿಗೆ ಬಹಿರಂಗ ಪತ್ರ

ಮಾನ್ಯ ಸೆಬಿ ಅಧ್ಯಕ್ಷರೇ,

ಕಂಪನಿಗಳ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ, ಅಂದರೆ ಬಿಆರ್‌ಎಸ್‌ಆರ್, ಅದರ ನಮೂನೆಯ ಏಳನೇ ತತ್ವದ ಬಗ್ಗೆ ಈ ಪತ್ರ. ಷೇರುಪೇಟೆಯಲ್ಲಿ ಮಾರುಕಟ್ಟೆ ಮೌಲ್ಯದ ಪ್ರಕಾರ ಮೊದಲ ಸಾವಿರ ಕಂಪನಿಗಳು 2022-23ರಿಂದ ವಾರ್ಷಿಕ ವರದಿಯ ಜೊತೆ ಕಡ್ಡಾಯವಾಗಿ ಕೊಡುತ್ತಿರುವ ವರದಿ ಅದು. ಷೇರುಪೇಟೆಯ ನಿಯಂತ್ರಕರಾದ ನೀವೇ ಮಾಡಿದ ನಿಯಮ, ನಿಮಗೆ ವಿವರಿಸಬೇಕಿಲ್ಲ. ಸರ್ಕಾರದ ನೀತಿಯ ಮೇಲೆ ಪ್ರಭಾವ ಬೀರುವಾಗ ಕಂಪನಿ ಹೊಣೆಯಿಂದ, ಮುಚ್ಚುಮರೆಯಿಲ್ಲದೆ ನಡೆದುಕೊಳ್ಳಬೇಕು ಎನ್ನುತ್ತದೆ ಆ ತತ್ವ. ಅದರ ಕೆಳಗಿನ ಕಾಲಂಗಳೆಲ್ಲ ಭರ್ತಿಯಾದ ಮೇಲೂ ಹವಾಮಾನ ಬದಲಾವಣೆಯ ಬಗ್ಗೆ ಯಾವ ಕಂಪನಿ ಯಾರಿಗೆ ಎಷ್ಟು ಕೊಟ್ಟು ಏನು ಹೇಳಿಸಿತು ಎಂಬುದು ಮಾತ್ರ ಗೊತ್ತಾಗುವುದಿಲ್ಲ. ವರ್ಷ ವರ್ಷವೂ ಇದೇ ಕತೆ. ಹಣದ ಕಾಲಂ ಸೇರಿಸಿ, ಅದನ್ನು ಕಡ್ಡಾಯ ಮಾಡಿ ಎಂದು ಕೇಳಲು ಬರೆಯುತ್ತಿದ್ದೇನೆ.

ಈಗ ಕಡ್ಡಾಯ ಭಾಗದಲ್ಲಿ ಕೇಳುತ್ತಿರುವುದೇನು? ಎಷ್ಟು ಉದ್ಯಮ ಸಂಘಗಳಲ್ಲಿ ಸದಸ್ಯತ್ವವಿದೆ, ಅವುಗಳಲ್ಲಿ ದೊಡ್ಡ ಹತ್ತು ಯಾವುವು, ಅವು ರಾಜ್ಯಮಟ್ಟದವೋ ರಾಷ್ಟ್ರಮಟ್ಟದವೋ. ದೊಡ್ಡದು ಯಾವುದೆಂದು ಅಳೆಯುವುದು ಸಂಘದ ಒಟ್ಟು ಸದಸ್ಯರ ಸಂಖ್ಯೆಯಿಂದ, ಕಂಪನಿ ಅದಕ್ಕೆ ಕೊಟ್ಟ ಹಣದಿಂದಲ್ಲ. ಹಾಗಾಗಿ ಎಲ್ಲರಿಗೂ ಗೊತ್ತಿರುವ ಸಿಐಐ, ಫಿಕ್ಕಿ, ಅಸೋಚಾಂನಂಥ ಹೆಸರುಗಳೇ ಮೊದಲು ಬರುತ್ತವೆ. ನಾಲ್ಕಾರು ಸದಸ್ಯರಷ್ಟೇ ಇರುವ, ಕಲ್ಲಿದ್ದಲಿನ ಪರವಾಗಿಯೇ ವಾದಿಸುವ ಸಣ್ಣ ಕೂಟಕ್ಕೆ ಕೋಟಿಗಟ್ಟಲೆ ಸುರಿದಿದ್ದರೂ ಅದು ಪಟ್ಟಿಯಿಂದ ಜಾರಿಹೋಗಬಹುದು. ನಿಯಮದಂತೆ ಅದು ತಪ್ಪೂ ಅಲ್ಲ!

ಒಳ್ಳೆಯ ಪ್ರಶ್ನೆಗಳೂ ನಮೂನೆಯಲ್ಲಿವೆ. ಕಂಪನಿ ಯಾವ ನೀತಿಗಾಗಿ ವಾದಿಸಿತು, ಯಾವ ದಾರಿಯಲ್ಲಿ ವಾದಿಸಿತು, ಆ ಮಾಹಿತಿ ಜನರಿಗೆ ಸಿಗುತ್ತದೆಯೇ, ನಿರ್ದೇಶಕ ಮಂಡಳಿ ಅದನ್ನು ಎಷ್ಟು ಸಲ ಪರಿಶೀಲಿಸುತ್ತದೆ, ವೆಬ್ ಲಿಂಕ್ ಯಾವುದು. ಅವನ್ನು ನೀವು ಇಟ್ಟಿರುವುದು 'ಲೀಡರ್‌ಶಿಪ್' ಸೂಚಕಗಳಲ್ಲಿ, ಅಂದರೆ ಇಷ್ಟವಿದ್ದವರು ಉತ್ತರಿಸುವ ಭಾಗದಲ್ಲಿ. ಹಣದ ಕಾಲಂ ಅಲ್ಲಿಯೂ ಇಲ್ಲ. 2023ರ ಜುಲೈನಲ್ಲಿ ತಂದ ಬಿಆರ್‌ಎಸ್‌ಆರ್ ಕೋರ್‌ನಲ್ಲಿ ಹೊರಗಿನವರ ಪರಿಶೀಲನೆಗೆ ಒಂಬತ್ತು ವಿಷಯಗಳನ್ನು ಆರಿಸಿದಿರಿ. ಹಸಿರುಮನೆ ಅನಿಲ ಇದೆ, ನೀರು ಇದೆ, ಶಕ್ತಿಯ ಬಳಕೆ ಇದೆ. ನೀತಿಯ ಮೇಲಿನ ಪ್ರಭಾವ ಇಲ್ಲ.

ಇದರಿಂದ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕದ ವಿಜ್ಞಾನಿ ವಿಲ್ಲಿ ಸೂನ್ ಪ್ರಕರಣ ನೋಡಿ. ಭೂಮಿ ಬಿಸಿಯಾಗುತ್ತಿರುವುದಕ್ಕೆ ಮನುಷ್ಯನಿಗಿಂತ ಸೂರ್ಯನೇ ಹೆಚ್ಚಿನ ಕಾರಣ ಎಂದು ವಾದಿಸುತ್ತ ಬಂದವರು ಅವರು. ಹಾರ್ವರ್ಡ್-ಸ್ಮಿತ್ಸೋನಿಯನ್ ಖಗೋಳಭೌತ ಕೇಂದ್ರದ ಹೆಸರು ಅವರ ಬೆನ್ನಿಗಿತ್ತು. 2015ರ ಫೆಬ್ರವರಿಯಲ್ಲಿ ಕಡತಗಳು ಹೊರಬಿದ್ದವು. ಒಂದು ದಶಕಕ್ಕೂ ಹೆಚ್ಚಿನ ಅವಧಿಯಲ್ಲಿ ಪಳೆಯುಳಿಕೆ ಇಂಧನ ಉದ್ಯಮದ ಮೂಲಗಳಿಂದ 12 ಲಕ್ಷ ಡಾಲರ್‌ಗಿಂತ ಹೆಚ್ಚು ಬಂದಿತ್ತು. ಅದರಲ್ಲಿ 4 ಲಕ್ಷಕ್ಕೂ ಹೆಚ್ಚು ಸದರ್ನ್ ಕಂಪನಿ ಎಂಬ ವಿದ್ಯುತ್ ಸಂಸ್ಥೆಯೊಂದರದೇ. ಹಣ ಕೊಟ್ಟವರಿಗೆ ಬರೆದ ಪತ್ರಗಳಲ್ಲಿ ತಮ್ಮ ಸಂಶೋಧನಾ ಪ್ರಬಂಧಗಳನ್ನು, ಗುತ್ತಿಗೆದಾರ ಮಾಡಿಕೊಡುವ ಕೆಲಸಕ್ಕೆ ಹೇಳುವಂತೆ, 'ಡೆಲಿವರಬಲ್ಸ್' ಎಂದು ಅವರು ಕರೆದಿದ್ದರು. ಸದರ್ನ್ ಕಂಪನಿಯ ಒಪ್ಪಿಗೆಯಿಲ್ಲದೆ ಅದರ ಹೆಸರು ಹೊರಗೆಡಹುವಂತಿಲ್ಲ ಎಂಬ ಷರತ್ತಿಗೆ ಸ್ಮಿತ್ಸೋನಿಯನ್ ಸಂಸ್ಥೆಯೇ ಸಹಿ ಹಾಕಿತ್ತು! 2008ರ ನಂತರದ ಕನಿಷ್ಠ 11 ಪ್ರಬಂಧಗಳಲ್ಲಿ ಈ ಹಣದ ಉಲ್ಲೇಖವಿರಲಿಲ್ಲ. ಹಣ ತಮ್ಮ ವಿಜ್ಞಾನವನ್ನು ಬದಲಿಸಿಲ್ಲ ಎಂದರು ಸೂನ್. ಇರಬಹುದು. ಆದರೆ ಅದನ್ನು ತೂಗಿ ನೋಡುವ ಅವಕಾಶವನ್ನೇ ಓದುಗರಿಂದ ಕಿತ್ತುಕೊಂಡಿದ್ದರಲ್ಲ?

ಆ ಕಡತಗಳು ಸಿಕ್ಕಿದ್ದು ಸ್ಮಿತ್ಸೋನಿಯನ್ ಅಮೆರಿಕ ಸರ್ಕಾರಕ್ಕೆ ಸೇರಿದ ಸಂಸ್ಥೆಯಾದ್ದರಿಂದ, ಅಲ್ಲಿನ ಮಾಹಿತಿ ಹಕ್ಕಿನ ಕಾಯ್ದೆಯಡಿ. ನಮ್ಮಲ್ಲಿ ಒಂದು ಖಾಸಗಿ ಕಂಪನಿ ಒಂದು ಖಾಸಗಿ ಅಧ್ಯಯನ ಸಂಸ್ಥೆಗೆ ದುಡ್ಡು ಕೊಟ್ಟರೆ ಆರ್‌ಟಿಐ ಅರ್ಜಿ ಯಾರಿಗೆ ಹಾಕಬೇಕು? ಇಬ್ಬರೂ ಆ ಕಾಯ್ದೆಯ ಹೊರಗಿದ್ದಾರೆ. ಉಳಿದಿರುವ ಬಾಗಿಲು ನಿಮ್ಮದೊಂದೇ.

ಜನರ ಅಪನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ಅಮೆರಿಕದ ತೈಲ ಕಂಪನಿ ಎಕ್ಸಾನ್‌ನ ಒಳಗಿನ ವಿಜ್ಞಾನಿಗಳು 1977ರಿಂದ 2003ರವರೆಗೆ ಮಾಡಿದ ತಾಪಮಾನದ ಮುನ್ಸೂಚನೆಗಳಲ್ಲಿ ಶೇ 63ರಿಂದ 83ರಷ್ಟು ನಿಜವಾದವು ಎಂದು 2023ರಲ್ಲಿ 'ಸೈನ್ಸ್' ಪತ್ರಿಕೆಯ ಪ್ರಬಂಧವೊಂದು ತೋರಿಸಿತು. ಅದೇ ಕಂಪನಿ ಹೊರಗೆ ಹೇಳುತ್ತಿದ್ದುದು ವಿಜ್ಞಾನ ಇನ್ನೂ ಖಚಿತವಿಲ್ಲ ಎಂದು. ಒಮ್ಮೆ ಹೀಗೆ ಮೋಸಹೋದವರು ಆಮೇಲೆ ಪ್ರಾಮಾಣಿಕ ವಿಜ್ಞಾನಿಯನ್ನೂ ಅನುಮಾನದಿಂದಲೇ ನೋಡುತ್ತಾರೆ. ನನಗೆ ಹೆಚ್ಚು ನೋವಾಗುವುದು ಈ ನಷ್ಟಕ್ಕೆ.

ಪರಿಸರ ಸಂಘಟನೆಗಳಿಗೂ ಹಣ ಬರುವುದಿಲ್ಲವೇ ಎಂದು ಕೇಳುವವರಿದ್ದಾರೆ. ಬರುತ್ತದೆ. ಅದು ವಿದೇಶದಿಂದ ಬಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಾದ ಎಫ್‌ಸಿಆರ್‌ಎ ಅಡಿ ನೋಂದಣಿ ಬೇಕು, 2020ರ ತಿದ್ದುಪಡಿಯ ನಂತರ ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಯಲ್ಲೇ ಪಡೆಯಬೇಕು, ಪ್ರತಿವರ್ಷ ಎಫ್‌ಸಿ-4 ಲೆಕ್ಕ ಸಲ್ಲಿಸಬೇಕು. ಸಣ್ಣ ಸಂಘಟನೆಗೆ ಇಷ್ಟು ಕಟ್ಟುಪಾಡು ಸರಿ ಎಂದಾದರೆ, ಸಾವಿರಾರು ಕೋಟಿ ವಹಿವಾಟಿನ ಕಂಪನಿಗೆ ಒಂದು ಕಾಲಂ ಭಾರವೇ? ರಾಜಕೀಯ ಪಕ್ಷಗಳ ಹಣದ ಮೂಲ ತಿಳಿಯುವುದು ಮತದಾರರ ಹಕ್ಕು ಎಂದು 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಚುನಾವಣಾ ಬಾಂಡ್ ರದ್ದು ಮಾಡಿತು. ನೀತಿಯನ್ನು ರೂಪಿಸುವ ಮಾತಿನ ಹಣಕ್ಕೆ ಮಾತ್ರ ಪರದೆ ಏಕೆ?

ಬೇಕಿರುವುದು ಇಷ್ಟು. ಏಳನೇ ತತ್ವದ ಲೀಡರ್‌ಶಿಪ್ ಪ್ರಶ್ನೆಯನ್ನು ಕಡ್ಡಾಯ ಭಾಗಕ್ಕೆ ತನ್ನಿ. ಉದ್ಯಮ ಸಂಘಗಳ ಪಟ್ಟಿಯನ್ನು ಕೊಟ್ಟ ಹಣದ ಕ್ರಮದಲ್ಲಿ ಕೇಳಿ. ಉದ್ಯಮ ಸಂಘ, ಅಧ್ಯಯನ ಸಂಸ್ಥೆ, ವಿಶ್ವವಿದ್ಯಾಲಯ, ಪ್ರಚಾರ ಏಜೆನ್ಸಿ, ಹೀಗೆ ವರ್ಷಕ್ಕೆ 1 ಲಕ್ಷ ರೂಪಾಯಿ ಮೀರಿ ಹಣ ಪಡೆದವರ ಹೆಸರು, ಮೊತ್ತ, ಉದ್ದೇಶ ಬರಲಿ. ಪ್ರಕಟಣೆಗೆ ಮುಂಚೆ ಕರಡು ನೋಡುವ ಅಥವಾ ಹೆಸರು ಮುಚ್ಚಿಡುವ ಷರತ್ತು ಇತ್ತೇ ಎಂಬುದಕ್ಕೆ ಹೌದು ಅಥವಾ ಇಲ್ಲ ಎಂಬ ಉತ್ತರವೂ ಬರಲಿ. ಸೂನ್ ಪ್ರಕರಣದಲ್ಲಿ ಈ ಕೊನೆಯ ಪ್ರಶ್ನೆಯೊಂದಿದ್ದರೆ ಸಾಕಿತ್ತು. ಅಂಗಸಂಸ್ಥೆ, ಟ್ರಸ್ಟ್, ಸಿಎಸ್‌ಆರ್ ಪ್ರತಿಷ್ಠಾನಗಳ ಮೂಲಕ ಹೋದದ್ದೂ ಸೇರಲಿ. ಇಲ್ಲದಿದ್ದರೆ ಹಣ ಒಂದು ಮೆಟ್ಟಿಲು ಕೆಳಗಿಳಿದು ಅದೇ ಜಾಗಕ್ಕೆ ತಲುಪುತ್ತದೆ. ಆಮೇಲೆ ಇದನ್ನು ಕೋರ್‌ಗೂ ಸೇರಿಸಿ, ಹೊರಗಿನವರು ತಾಳೆ ನೋಡಲಿ.

ಅನುಸರಣೆಯ ಹೊರೆ ಎಂಬ ಉತ್ತರ ದಯವಿಟ್ಟು ಬೇಡ. ಸದಸ್ಯತ್ವ ಶುಲ್ಕದ ಇನ್‌ವಾಯ್ಸ್, ಸಲಹಾ ಶುಲ್ಕದ ಟಿಡಿಎಸ್, ದೇಣಿಗೆಯ ರಸೀದಿ ಎಲ್ಲವೂ ಕಂಪನಿಯ ಲೆಕ್ಕಪುಸ್ತಕದಲ್ಲಿ ಈಗಾಗಲೇ ಇವೆ. ವರದಿ ಕಂಪ್ಯೂಟರ್ ಓದಬಲ್ಲ ಎಕ್ಸ್‌ಬಿಆರ್‌ಎಲ್ ರೂಪದಲ್ಲೇ ಸಲ್ಲಿಕೆಯಾಗುತ್ತಿದೆ.

ಮುಂದಿನ ಆರ್ಥಿಕ ವರ್ಷದ ನಮೂನೆಯಲ್ಲೇ ಹಣದ ಕಾಲಂ ಬರಲಿ. ಆಗುವುದಿಲ್ಲ ಎಂದಾದರೆ, ಏಕೆ ಆಗುವುದಿಲ್ಲ ಎಂಬುದನ್ನು ಬರಹದಲ್ಲಿ, ಎಲ್ಲರಿಗೂ ಕಾಣುವಂತೆ ತಿಳಿಸಿ.

ಇಂತಿ,
ಈ ವರದಿಗಳನ್ನು ಓದುವ ಒಬ್ಬ ಸಣ್ಣ ಹೂಡಿಕೆದಾರ