ತರಬೇತಿ ಸಾಲದು, ವೇಳಾಪಟ್ಟಿಯಲ್ಲಿ ಒಂದು ಗಂಟೆ ಬೇಕು

ಮಾನ್ಯ ಸಂಪಾದಕರೇ,

ಐದನೇ ತರಗತಿಯ ಮಕ್ಕಳಲ್ಲಿ ಅನೇಕರಿಗೆ ಎರಡನೇ ತರಗತಿಯ ಪಾಠ ಓದಲು ಬಾರದು ಎಂಬ ಸುದ್ದಿ ಗ್ರಾಮೀಣ ಮಕ್ಕಳ ಓದು-ಲೆಕ್ಕ ಅಳೆಯುವ ‘ಅಸರ್’ ಸಮೀಕ್ಷೆಯ ಪ್ರತಿ ವರದಿಯೊಂದಿಗೆ ಬರುತ್ತದೆ. ಅದರ ಬೆನ್ನಿಗೇ ಶಿಕ್ಷಕರಿಗೆ ಮತ್ತೊಂದು ತರಬೇತಿಯೂ ಬರುತ್ತದೆ. ತರಬೇತಿಯೊಂದರಿಂದಲೇ ಈ ಕೊರತೆ ನೀಗುವುದೇ ಎಂಬುದನ್ನು ನಮ್ಮ ದೇಶದ ಸರ್ಕಾರಿ ಶಾಲೆಗಳಲ್ಲೇ ಪರೀಕ್ಷಿಸಿ ನೋಡಲಾಗಿದೆ.

ಮಕ್ಕಳ ಕಲಿಕೆಗಾಗಿ ದುಡಿಯುವ ಸ್ವಯಂಸೇವಾ ಸಂಸ್ಥೆ ಪ್ರಥಮ್ ರೂಢಿಸಿದ ಕ್ರಮ ಸರಳವಾದದ್ದು. ಮಗು ಯಾವ ತರಗತಿಯಲ್ಲಿದೆ ಎಂದು ನೋಡದೆ, ಅಕ್ಷರ, ಪದ, ಸಣ್ಣ ಪಾಠ, ಕಥೆ ಇವುಗಳಲ್ಲಿ ಎಲ್ಲಿಯವರೆಗೆ ಓದಬಲ್ಲದು ಎಂಬುದನ್ನು ನೋಡಿ ಗುಂಪು ಮಾಡಿ, ಅಲ್ಲಿಂದ ಮುಂದಕ್ಕೆ ಕಲಿಸುವುದು. 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಇದನ್ನು ಹಲವು ರಾಜ್ಯಗಳಲ್ಲಿ ಅಳೆದು ನೋಡಿದರು. ಬಿಹಾರದಲ್ಲಿ 2008ರ ಬೇಸಿಗೆಯಲ್ಲಿ ಸರ್ಕಾರಿ ಶಿಕ್ಷಕರೇ ನಡೆಸಿದ ಒಂದು ತಿಂಗಳ ಶಿಬಿರದಿಂದ ಮಕ್ಕಳ ಕಲಿಕೆ ಸ್ಪಷ್ಟವಾಗಿ ಸುಧಾರಿಸಿತು. ಆದರೆ ಅದೇ ರಾಜ್ಯದಲ್ಲಿ ಶಾಲಾ ವರ್ಷದುದ್ದಕ್ಕೂ ಶಿಕ್ಷಕರಿಗೆ ಕೇವಲ ತರಬೇತಿ ಮತ್ತು ಸಾಮಗ್ರಿ ಕೊಟ್ಟ ಕಡೆ ಫಲ ಕಾಣಲಿಲ್ಲ. ಅಂದರೆ ಶಿಕ್ಷಕರಿಗೆ ಕಲಿಸಲು ಬಾರದೆ ಹೋದದ್ದಲ್ಲ. ಪಠ್ಯ ಮುಗಿಸುವ ಓಟದಲ್ಲಿ ಹಿಂದುಳಿದವರಿಗಾಗಿ ನಿಲ್ಲಲು ಅವರಿಗೆ ಪುರುಸೊತ್ತಿರಲಿಲ್ಲ.

ಹರಿಯಾಣದ 2012–13ರ ಪ್ರಯೋಗ ಇನ್ನೂ ಸ್ವಾರಸ್ಯಕರ. ಅಲ್ಲಿ ಎಲ್ಲ ಶಾಲೆಗಳ ದಿನಕ್ಕೂ ಒಂದು ಗಂಟೆ ಸೇರಿಸಲಾಗಿತ್ತು. ಆ ಗಂಟೆಯಲ್ಲಿ ಮೂರರಿಂದ ಐದನೇ ತರಗತಿಯ ಮಕ್ಕಳನ್ನು ಅವರವರ ಕೊಠಡಿಯಿಂದ ಎಬ್ಬಿಸಿ ಓದಿನ ಮಟ್ಟದಂತೆ ಕೂರಿಸಿದ, ಶಾಲೆಗಳ ಗುಂಪನ್ನು (ಕ್ಲಸ್ಟರ್) ನೋಡಿಕೊಳ್ಳುವ ಅಧಿಕಾರಿಗಳು ಬಂದು ಶಿಕ್ಷಕರಿಗೆ ನೆರವಾದ ಶಾಲೆಗಳಲ್ಲಿ ಹಿಂದಿ ಓದು ಸುಧಾರಿಸಿತು. ಆದರೆ ಅದೇ ಸಂದರ್ಭದಲ್ಲಿ ಪರೀಕ್ಷಿಸಿದ, ವರ್ಷವಿಡೀ ಮಗುವಿನ ಪ್ರಗತಿಯನ್ನು ಗಮನಿಸಿ ನಮೂನೆಗಳಲ್ಲಿ ದಾಖಲಿಸುವ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದಿಂದ ಕಲಿಕೆಯಲ್ಲಿ ವ್ಯತ್ಯಾಸವಾಗಲಿಲ್ಲ. ಆ ನಮೂನೆಗಳನ್ನು ರಾತ್ರಿ ಕುಳಿತು ತುಂಬಿದ ನಮ್ಮಂಥವರಿಗೆ ಇದು ಹೊಸ ಸಂಗತಿಯೇನಲ್ಲ!

ಮಟ್ಟಕ್ಕೆ ತಕ್ಕಂತೆ ಕಲಿಸುವುದು ಕರ್ನಾಟಕಕ್ಕೆ ಹೊರಗಿನಿಂದ ಬರಬೇಕಾದ ವಿಚಾರವೂ ಅಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ, ಈಗ ಒಂದರಿಂದ ಮೂರನೇ ತರಗತಿಯ ಮಕ್ಕಳು ಅವರವರ ವೇಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ ನಲಿ-ಕಲಿ ಪದ್ಧತಿಯ ಕಲಿಕಾ ಏಣಿಯ ತಿರುಳೇ ಅದು. ತೊಡಕಿರುವುದು ಮೂರನೇ ತರಗತಿಯ ಆಚೆ: ಏಣಿಯ ನಡುವಿನ ಮೆಟ್ಟಿಲಲ್ಲಿರುವ ಮಗುವಿನ ಕೈಗೆ ನಾಲ್ಕರಲ್ಲಿ ಪಠ್ಯಪುಸ್ತಕ ಬಂದು, ಎಲ್ಲರಿಗೂ ಒಂದೇ ಪಾಠ ಶುರುವಾಗುತ್ತದೆ.

ಆದ್ದರಿಂದ ನಾಲ್ಕು ಮತ್ತು ಐದನೇ ತರಗತಿಗಳ ವೇಳಾಪಟ್ಟಿಯಲ್ಲೇ ದಿನಕ್ಕೊಂದು ಗಂಟೆಯನ್ನು ಓದಿನ ಮಟ್ಟದ ಗುಂಪುಗಳಿಗೆಂದು ಶಿಕ್ಷಣ ಇಲಾಖೆ ಮೀಸಲಿಡಬೇಕು ಮತ್ತು ಆ ಗಂಟೆಗೆ ಪಠ್ಯ ಮುಗಿಸುವ ಲೆಕ್ಕ ಕೇಳಬಾರದು. ಅಂಕಿಅಂಶ ಒಟ್ಟುಗೂಡಿಸುವುದರಲ್ಲೇ ಕಳೆದುಹೋಗಿರುವ ಶಾಲೆಗಳ ಗುಂಪೊಂದಕ್ಕೆ ಮಾರ್ಗದರ್ಶನ ನೀಡಬೇಕಾದ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳನ್ನು ಆ ಕೆಲಸದಿಂದ ಬಿಡಿಸಿ, ಈ ಗಂಟೆಯಲ್ಲಿ ಶಾಲೆಯಲ್ಲಿ ಕುಳಿತು ಮಕ್ಕಳ ಓದು ಕೇಳಲು ಕಳುಹಿಸಬೇಕೆಂದು ಕೋರುತ್ತೇನೆ.

— ನಿವೃತ್ತ ಮುಖ್ಯ ಶಿಕ್ಷಕ, ತುಮಕೂರು ಜಿಲ್ಲೆ