ಹಿಂಬಾಗಿಲ ಗುಲಾಬಿ, ಅಡುಗೆಮನೆಯ ನಲ್ಲಿ, ಮೂರು ರಟ್ಟಿನ ತುಂಡುಗಳು

ನವೆಂಬರ್ 9

ತೀರ್ಥರೂಪ ಅಪ್ಪನಿಗೆ, ಅಮ್ಮನಿಗೆ, ಪ್ರೀತಿಯ ಅಕ್ಕನಿಗೆ,

ನಮಸ್ಕಾರಗಳು. ನಾವಿಬ್ಬರೂ ಇಲ್ಲಿ ಕ್ಷೇಮ. ವಾರಕ್ಕೆರಡು ಸಲ ಮೊಬೈಲಿನಲ್ಲಿ ಮುಖ ನೋಡುತ್ತೇವೆ, ಆದರೂ ಈ ಸಲ ಕಾಗದ ಬರೆಯಲು ಕಾರಣವಿದೆ. ಲಕೋಟೆಯಲ್ಲಿ ಬಣ್ಣ ಬಳಿದ ಮೂರು ರಟ್ಟಿನ ತುಂಡುಗಳಿವೆ. ಅವು ಫೋನಿನಲ್ಲಿ ಬರುವಂಥವಲ್ಲ. ಮಡಚದಂತೆ ಹೊರತೆಗೆದು ಅಕ್ಕನ ಕೈಗೆ ಕೊಡಿ. ಹಿಂಬದಿಯಲ್ಲಿ ಬರೆದಿರುವುದನ್ನು ಮಾತ್ರ ಈಗಲೇ ಓದಬೇಡಿ.

ಅಪ್ಪ, ಮೊದಲು ನಿಮ್ಮ ಹತ್ತಿರವೇ ಕೇಳಬೇಕು. ಮನೆ ಕೊಂಡಾಗ ಹಿಂಬಾಗಿಲ ಕಮಾನಿನ ಮೇಲೆ ಹಬ್ಬಿದ್ದ ಗುಲಾಬಿಯ ಚಿತ್ರ ಕಳಿಸಿದ್ದೆನಲ್ಲ, ಅದರ ವಿಷಯ. ಹಿಂದಿದ್ದವರು ಅದರ ಹೆಸರನ್ನು ಹೇಳಿ ಹೋಗಲಿಲ್ಲ. ಗುಲಾಬಿಯನ್ನು ಚಳಿಗಾಲದ ಕೊನೆಗೆ ಸವರಬೇಕು ಎಂಬ ಒಂದೇ ಮಾತನ್ನು ನಂಬಿ, ಮೊದಲ ವರ್ಷದ ಫೆಬ್ರವರಿಯಲ್ಲಿ ನಾನು ಅದನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿದೆ. ಆ ಬೇಸಿಗೆಯಲ್ಲಿ ಬುಡದಿಂದ ಹತ್ತಡಿ ಉದ್ದದ ಹಸಿರು ಕೋಲುಗಳು ಎದ್ದವು, ಒಂದೇ ಒಂದು ಮೊಗ್ಗು ಬರಲಿಲ್ಲ. ಬಂದವರನ್ನೆಲ್ಲ ಕೇಳಿದೆ. ಗೊಬ್ಬರ ಸಾಲದು ಎಂದರು, ಬಿಸಿಲು ಸಾಲದು ಎಂದರು, ಗಿಡಕ್ಕೆ ವಯಸ್ಸಾಗಿದೆ, ಕಿತ್ತುಹಾಕಿ ಎಂದೂ ಹೇಳಿದರು. ನೀವು ಯಾವಾಗ ಕತ್ತರಿಸಿದಿರಿ ಎಂದು ಒಬ್ಬರೂ ಕೇಳಲಿಲ್ಲ.

ಕಾರಣ ಅಲ್ಲೇ ಇತ್ತು. ಇದು ವರ್ಷಕ್ಕೊಮ್ಮೆ ಮಾತ್ರ ಹೂಬಿಡುವ ಹಬ್ಬುಗುಲಾಬಿ. ಹೂವು ಬರುವುದು ಹಿಂದಿನ ವರ್ಷ ಬೆಳೆದ ಕೋಲುಗಳ ಮೇಲೆ. ಫೆಬ್ರವರಿಯಲ್ಲಿ ನಾನು ಕತ್ತರಿಸಿ ರಾಶಿ ಹಾಕಿದ್ದು ಆ ವರ್ಷದ ಅಷ್ಟೂ ಹೂವುಗಳನ್ನು. ವರ್ಷವಿಡೀ ಮತ್ತೆ ಮತ್ತೆ ಹೂಬಿಡುವ ಗುಲಾಬಿಗಳನ್ನು ಚಳಿಯ ಕೊನೆಗೆ ಸವರಬಹುದು, ಅವು ಹೊಸ ಚಿಗುರಿನಲ್ಲೇ ಮೊಗ್ಗು ಕಟ್ಟುತ್ತವೆ. ಇಂಥದ್ದನ್ನು ಸವರಬೇಕಾದದ್ದು ಹೂವು ಮುಗಿದ ಕೂಡಲೇ. ಇದು ತಿಳಿದ ದಿನ ಆ ಗಿಡದ ಮುಂದೆ ಬಹಳ ಹೊತ್ತು ನಿಂತಿದ್ದೆ ಅಪ್ಪ. ಅದರ ತಪ್ಪೇನೂ ಇರಲಿಲ್ಲ.

ಮುಂದಿನ ವರ್ಷ ಕತ್ತರಿ ಮುಟ್ಟಿಸಲಿಲ್ಲ. ಕೋಲುಗಳನ್ನು ನೆಟ್ಟಗೆ ಏರಲು ಬಿಡದೆ ಅಡ್ಡಡ್ಡಲಾಗಿ ಬಾಗಿಸಿ ಕಮಾನಿಗೆ ಸಡಿಲವಾಗಿ ಕಟ್ಟಿದೆ. ಕೋಲು ನೆಟ್ಟಗಿದ್ದರೆ ತುದಿಯ ಮೊಗ್ಗು ಕೆಳಗಿನ ಕಣ್ಣುಗಳನ್ನು ಏಳಲು ಬಿಡುವುದಿಲ್ಲ, ಹೂವೆಲ್ಲ ತಲೆಯ ಮೇಲೆ ಸೇರುತ್ತದೆ. ಅಡ್ಡ ಕಟ್ಟಿದರೆ ಗಿಣ್ಣು ಗಿಣ್ಣಿನಲ್ಲೂ ಕವಲೊಡೆಯುತ್ತದೆ. ಜೂನ್ ತಿಂಗಳು ಬಂದಾಗ ಬಾಗಿಲ ಚೌಕಟ್ಟೇ ಕಾಣದಷ್ಟು ಬಿಳಿ ಗೊಂಚಲು! ಬೆಳಿಗ್ಗೆ ಬಾಗಿಲು ತೆರೆದರೆ ಪರಿಮಳ ಹಜಾರದವರೆಗೂ ಬರುತ್ತಿತ್ತು. ಮೂರು ವಾರ ಹಾಗೆಯೇ ಇತ್ತು, ಆಮೇಲೆ ಎಸಳೆಲ್ಲ ಮೆಟ್ಟಿಲ ಮೇಲೆ ಉದುರಿತು.

ಈಗಿನ ತಕರಾರು ಆ ಮೂರು ವಾರದ್ದೇ. ಉಳಿದ ತಿಂಗಳೆಲ್ಲ ಅದು ಅಡುಗೆಮನೆಯ ಕಿಟಕಿಯನ್ನು ಮುಚ್ಚಿ ನಿಲ್ಲುತ್ತದೆ, ಹಗಲಲ್ಲೇ ದೀಪ ಹಾಕಬೇಕು, ತೆಗೆದುಬಿಡೋಣ ಎನ್ನುತ್ತಾರೆ ಇವರು. ಆ ಜಾಗಕ್ಕೆ ಐಸ್‌ಬರ್ಗ್ ಗುಲಾಬಿಯ ಹಬ್ಬುವ ತಳಿಯನ್ನು ತರುವ ಆಸೆ ಅವರದು. ಮೂಲ ಐಸ್‌ಬರ್ಗ್ ಜರ್ಮನಿಯ ಕೊರ್ಡೆಸ್ ಮನೆತನದವರು 1958ರಲ್ಲಿ ಹೊರತಂದ ಬಿಳಿ ಪೊದೆಗುಲಾಬಿ, ಅದರ ಹಬ್ಬುವ ತಳಿಯೂ ಬೇಸಿಗೆಯುದ್ದಕ್ಕೂ ಮತ್ತೆ ಮತ್ತೆ ಹೂಬಿಡುತ್ತದೆ. ಪರಿಮಳ ಕಡಿಮೆ. ಅದಿಲ್ಲದಿದ್ದರೆ ಇಂಗ್ಲೆಂಡಿನ ಡೇವಿಡ್ ಆಸ್ಟಿನ್ ಅವರು 1983ರಲ್ಲಿ ಬೆಳಕಿಗೆ ತಂದ ಗ್ರಹಾಂ ಥಾಮಸ್ ಎಂಬ ಹಳದಿ ಗುಲಾಬಿ. ನಿಮ್ಮ ಮೆಚ್ಚಿನ ಪೀಸ್ ಗುಲಾಬಿಯನ್ನೂ ಅವರೇ ನೆನಪಿಸಿದರು. ಫ್ರಾನ್ಸಿನ ಮೆಯಾಂ ಬೆಳೆಸಿದ ಆ ಗಿಡಕ್ಕೆ 1945ರಲ್ಲಿ ಯುದ್ಧ ಮುಗಿಯುತ್ತಿದ್ದಾಗ ಶಾಂತಿ ಎಂಬ ಹೆಸರು ಬಂದ ಕಥೆಯನ್ನು ನಾನು ಮೊದಲು ಕೇಳಿದ್ದು ನಿಮ್ಮ ಬಾಯಿಂದಲೇ. ಅದಕ್ಕೆ ಇಲ್ಲಿ ಬೇರೆ ಜಾಗ ಹುಡುಕುತ್ತೇನೆ.

ಇವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಹಳೆಯ ಗುಲಾಬಿ ಇದ್ದ ಗುಂಡಿಯಲ್ಲಿ ಹೊಸ ಗುಲಾಬಿ ಸರಿಯಾಗಿ ಏಳುವುದಿಲ್ಲ. ಆ ಮಣ್ಣು ದಣಿದಿರುತ್ತದೆ, ಹೊಸ ಬೇರು ಅಲ್ಲಿ ಸೊರಗುತ್ತದೆ. ಅಲ್ಲೇ ನೆಡಬೇಕೆಂದರೆ ಅರ್ಧ ಮೀಟರ್ ಅಗಲ, ಅಷ್ಟೇ ಆಳಕ್ಕೆ ಮಣ್ಣು ತೆಗೆದು ಬೇರೆ ಕಡೆಯ ಮಣ್ಣು ತುಂಬಬೇಕು. ಕಲ್ಲಿನ ಮೆಟ್ಟಿಲಿಗೆ ಒತ್ತಿಕೊಂಡಿರುವ ಜಾಗ ಅದು. ಇನ್ನೊಂದು ದಾರಿಯೂ ನನ್ನ ತಲೆಯಲ್ಲಿದೆ. ಮುಂದಿನ ಜುಲೈಯಲ್ಲಿ ಹೂವು ಮುಗಿದ ಮೇಲೆ ಹಳೆಯ ಕೋಲುಗಳಲ್ಲಿ ಮೂರರಲ್ಲೊಂದು ಪಾಲನ್ನು ಬುಡಕ್ಕೇ ತೆಗೆದು, ಉಳಿದವನ್ನು ಕಿಟಕಿಯ ಕಡೆಯಿಂದ ಬಿಡಿಸಿ ಬೇಲಿಯ ಕಡೆಗೆ ಹೊರಳಿಸುವುದು. ಹೀಗೆ ಮಾಡಿದರೆ ಕಿಟಕಿ ತೆರವಾದೀತೇ? ಇಷ್ಟು ದಪ್ಪಗಾದ ಕೋಲು ಹೊಸ ದಿಕ್ಕಿಗೆ ಬಾಗೀತೇ, ಮುರಿದೀತೇ? ನಿಮ್ಮ ಕೈ ಬಲ್ಲ ಕೆಲಸ ಇದು. ನನಗೆ ಕೀಳಲು ಮನಸ್ಸಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಹಾಗೆಂದು ನನ್ನ ಮನಸ್ಸು ನೋಯದಿರಲಿ ಎಂದು ಇರಲಿ ಬಿಡು ಎಂದು ಬರೆಯಬೇಡಿ. ತೆಗೆಯುವುದೇ ಸರಿ ಎನಿಸಿದರೆ ತೆಗೆ ಎಂದೇ ಬರೆಯಿರಿ. ಗಿಡಗಳು ನಿದ್ದೆಯಲ್ಲಿರುವ ಈ ಚಳಿಯಲ್ಲೇ ಆ ಕೆಲಸ ಆಗಬೇಕು, ಕುಂಡ, ಮಣ್ಣು ಇಲ್ಲದೆ ಬರಿ ಬೇರಿನೊಂದಿಗೆ ಮಾರುವ ಗಿಡಗಳು ಸಿಗುವುದೂ ಈಗಲೇ.

ಅಮ್ಮ, ಅದೇ ಕಿಟಕಿಯ ಕೆಳಗಿನ ಸಿಂಕಿಗೆ ಹೊಸ ನಲ್ಲಿ ಬೇಕು. ಹಳೆಯದು ರಬ್ಬರ್ ವಾಷರಿನದು, ಎಷ್ಟು ಬಿಗಿ ಮಾಡಿದರೂ ರಾತ್ರಿಯೆಲ್ಲ ತೊಟ್ಟಿಕ್ಕುತ್ತದೆ. ವಾಷರ್ ಎರಡು ಸಲ ಬದಲಿಸಿದ್ದಾಯಿತು, ಅದು ಕೂರುವ ಜಾಗವೇ ಸವೆದಿದೆ. ಹೊಸ ನಲ್ಲಿಗಳಲ್ಲಿ ಒಂದರ ಮೇಲೊಂದು ಜಾರುವ ಎರಡು ಸೆರಾಮಿಕ್ ಬಿಲ್ಲೆಗಳಿರುತ್ತವೆ, ಬೇಗ ಸವೆಯುವುದಿಲ್ಲ. ಒಳಗಿನದು ನಿಶ್ಚಯವಾಯಿತು. ಹೊರಗಿನದರಲ್ಲಿ ಸಿಕ್ಕಿಕೊಂಡಿದ್ದೇವೆ. ಕಪ್ಪು ಬಣ್ಣದ್ದು ಈಗ ಎಲ್ಲರ ಮನೆಯಲ್ಲೂ ಇದೆ, ನೋಡಲು ಗಂಭೀರ. ಆದರೆ ನಮ್ಮ ನೀರು ಗಡಸು, ಪ್ರತಿ ಹನಿಯೂ ಒಣಗಿ ಸುಣ್ಣದ ಬಿಳಿ ಕಲೆ ಬಿಡುತ್ತದೆ. ಕಪ್ಪಿನ ಮೇಲೆ ಅದು ದೂರದಿಂದಲೇ ಕಾಣುತ್ತದೆ. ಕ್ರೋಮ್ ಮೇಲೆ ಒಂದು ಸಲ ಬಟ್ಟೆ ಆಡಿಸಿದರೆ ಹೋಯಿತು. ಮೆರುಗೆಣ್ಣೆ ಹಚ್ಚದ ಹಿತ್ತಾಳೆ ನನಗೆ ತುಂಬ ಹಿಡಿಸಿದೆ. ಕೈ ತಾಗಿದ ಕಡೆ ಹೊಳಪು, ತಾಗದ ಕಡೆ ಕಂದು, ಹೀಗೆ ತಾನೇ ಬಣ್ಣ ತಿರುಗುತ್ತಾ ಹೋಗುತ್ತದೆ. ಹಿತ್ತಾಳೆಯನ್ನು ಉಜ್ಜಿ ಬೆಳಗದೆ ಹಾಗೇ ಬಿಡುವುದನ್ನು ನೀನು ಸಹಿಸುವೆಯೋ ಇಲ್ಲವೋ!

ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ತೂಗಿ ನೋಡಿದೆ. ಗಟ್ಟಿ ಹಿತ್ತಾಳೆಯ ಮೇಲೆ ಕ್ರೋಮ್ ಏರಿಸಿದ್ದು ಭಾರವಾಗಿರುತ್ತದೆ, ಪ್ಲಾಸ್ಟಿಕ್ಕಿನ ಮೇಲೆ ಏರಿಸಿದ್ದು ಎತ್ತಿದ ಕೂಡಲೇ ತಿಳಿಯುತ್ತದೆ. ದೊಡ್ಡ ಪಾತ್ರೆ ಓರೆ ಮಾಡದೆ ಅದರ ಕೆಳಗೆ ಹಿಡಿಯುತ್ತದೆಯೇ ಎಂದು ನೀನು ಕೇಳುತ್ತೀ ಎಂದು ಗೊತ್ತಿತ್ತು, ನಮ್ಮ ದೊಡ್ಡ ಪಾತ್ರೆಯನ್ನು ಅಳೆದುಕೊಂಡೇ ಹೋಗಿದ್ದೆ. ಬಾಯಿಯ ಎತ್ತರ ಹೆಚ್ಚಾದರೆ ನೀರು ಸಿಂಕಿನ ತಳಕ್ಕೆ ಬಿದ್ದು ಸಿಡಿಯುತ್ತದೆ, ಕಡಿಮೆಯಾದರೆ ಪಾತ್ರೆ ಹಿಡಿಯುವುದಿಲ್ಲ. ದಿನಕ್ಕೆ ನೂರು ಸಲ ಮುಟ್ಟುವ ವಸ್ತುವನ್ನು ಚಿತ್ರ ನೋಡಿ ಆರಿಸಬಾರದು ಎಂಬುದು ಈಗ ನನಗೆ ಖಚಿತ. ಹಿಡಿ ಒಂದೇ ಇರಲೋ, ಬಿಸಿಗೂ ತಣ್ಣಗೂ ಬೇರೆ ಬೇರೆ ಇರಲೋ? ಸಾಬೂನು ಹತ್ತಿದ ಕೈಯಿದ್ದಾಗ ಮೊಣಕೈಯಿಂದ ಎತ್ತಲು ಒಂದು ಹಿಡಿಯದೇ ಅನುಕೂಲ. ನಿನ್ನ ಮಾತು ಬೇಕು.

ಸ್ನಾನದ ಮನೆಯ ಕನ್ನಡಿಯ ದೀಪ ತೀರ್ಮಾನವಾಗಿದೆ. ತಲೆಯ ಮೇಲಿಂದ ಬೀಳುವ ಬೆಳಕು ಕಣ್ಣ ಕೆಳಗೆ ನೆರಳು ಮಾಡುತ್ತದೆ, ಹಾಗಾಗಿ ಕನ್ನಡಿಯ ಎರಡೂ ಪಕ್ಕಕ್ಕೆ ಮುಖದ ಎತ್ತರಕ್ಕೆ ಹಾಕಿಸಿದ್ದೇವೆ.

ಅಕ್ಕ, ಈಗ ನಿನ್ನ ಕೆಲಸ. ಮುಂಗೋಣೆಯ ಗೋಡೆಗೆ ಬಣ್ಣ ಆರಿಸುವುದರಲ್ಲಿ ಎರಡು ತಿಂಗಳು ಕಳೆದಿದೆ. ಅದರ ಕಿಟಕಿ ಉತ್ತರಕ್ಕಿದೆ, ಇಲ್ಲಿ ಆ ದಿಕ್ಕಿನಿಂದ ನೇರ ಬಿಸಿಲು ಬರುವುದಿಲ್ಲ, ಆಕಾಶದ ತಣ್ಣನೆಯ ನೀಲಿ ಬೆಳಕಷ್ಟೇ. ಅಂಗೈಯಗಲದ ಮಾದರಿ ನೋಡಿ ಕೆನೆಬಣ್ಣ ಎಂದುಕೊಂಡದ್ದು ಗೋಡೆಗೆ ಹಚ್ಚಿದಾಗ ಬೂದಿಯಾಯಿತು. ಕಳೆದ ತಿಂಗಳು ನಿನಗೆ ಕಳಿಸಿದ ಚಿತ್ರದಲ್ಲಿ ಅದೇ ಗೋಡೆ ಗುಲಾಬಿಯಾಗಿ ಕಂಡಿತು, ನೀನು ಚೆನ್ನಾಗಿದೆ ಎಂದೆ. ನೀನು ಮೆಚ್ಚಿದ ಬಣ್ಣ ಈ ಮನೆಯಲ್ಲಿ ಇಲ್ಲವೇ ಇಲ್ಲ ಅಕ್ಕ, ಕ್ಯಾಮೆರಾ ತಾನೇ ಸೃಷ್ಟಿಸಿಕೊಂಡದ್ದು. ಅದಕ್ಕೇ ರಟ್ಟಿಗೆ ಎರಡು ಕೋಟ್ ಬಳಿದು ಕಳಿಸಿದ್ದೇನೆ.

ಆದರೆ ನಿಮ್ಮ ಬಿಸಿಲಿನಲ್ಲಿ ಹಿಡಿದು ನೋಡಬೇಡ. ಆ ಬೆಳಕಿನಲ್ಲಿ ಮೂರೂ ಚೆಂದವಾಗಿಯೇ ಕಾಣುತ್ತವೆ. ಮೋಡ ಮುಚ್ಚಿದ ದಿನ, ಕಿಟಕಿಯಿಂದ ದೂರದ ಗೋಡೆಗೆ ಒಂದೊಂದಾಗಿ ಅಂಟಿಸಿ ನೋಡು. ಸುತ್ತಲೂ ಬೇರೆ ಬಣ್ಣ ಕಾಣದ ಹಾಗೆ ಬಿಳಿ ಕಾಗದ ಹಿಡಿ, ಪಕ್ಕದ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ರಾತ್ರಿ ಇನ್ನೊಮ್ಮೆ ನೋಡು. ಆ ಕೋಣೆಗೆ ನಾವು ಹಾಕಿರುವುದು 2700 ಕೆಲ್ವಿನ್‌ನ ಹಳದಿ ಛಾಯೆಯ ಬಲ್ಬು. ನಿನ್ನ ಕೋಣೆಯ ಬಿಳಿ ಟ್ಯೂಬ್‌ಲೈಟಿನ ಕೆಳಗೆ ನೋಡಿದರೆ ಬಣ್ಣ ಬೇರೆಯದೇ ಆಗುತ್ತದೆ, ಹಾಸಿಗೆಯ ಪಕ್ಕದ ಹಳದಿ ದೀಪದ ಬಳಿ ಹಿಡಿ. ನಾವು ಆ ಕೋಣೆಯಲ್ಲಿ ಕೂರುವುದು ಹೆಚ್ಚಾಗಿ ಸಂಜೆಯ ಮೇಲೆಯೇ, ಆದ್ದರಿಂದ ರಾತ್ರಿಯ ತೀರ್ಪಿಗೆ ಹೆಚ್ಚು ಬೆಲೆ.

ಹಿಂಬದಿಯಲ್ಲಿ ಯಾವುದು ನನ್ನ ಆಯ್ಕೆ, ಯಾವುದು ಇವರದು ಎಂದು ಬರೆದಿದೆ. ಮೂರನೆಯದು ಅಂಗಡಿಯವರು ಒತ್ತಾಯಿಸಿದ್ದು. ನೀನು ಒಂದನ್ನು ಆರಿಸಿ, ಅಪ್ಪನ ಬಳಿಯೋ ಅಮ್ಮನ ಬಳಿಯೋ ಗಟ್ಟಿಯಾಗಿ ಹೇಳಿದ ಮೇಲೆ ತಿರುವಿ ನೋಡು. ಉತ್ತರ ಫೋನಿನಲ್ಲೇ ಹೇಳು, ಕಾಗದಕ್ಕಾಗಿ ಕಾಯುವಷ್ಟು ತಾಳ್ಮೆ ನನಗಿಲ್ಲ. ಅಪ್ಪನ ಉತ್ತರ ಮಾತ್ರ ಕಾಗದದಲ್ಲೇ ಬರಲಿ. ಕೋಲನ್ನು ಯಾವ ಗಿಣ್ಣಿನಿಂದ ಬಾಗಿಸಬೇಕು ಎಂದು ಅವರು ಪೆನ್ಸಿಲಿನಲ್ಲಿ ಗೆರೆ ಎಳೆದು ತೋರಿಸಿದರೆ ಅದನ್ನು ಬಾಗಿಲಿಗೆ ಅಂಟಿಸಿಕೊಂಡು ಕೆಲಸ ಮಾಡುತ್ತೇನೆ.

ಇಂತಿ ನಿಮ್ಮ ಪ್ರೀತಿಯ ಮಗಳು